ಸದ್ಯಕ್ಕೆ ಹಾಕಿದ ಮೂರು

ಹಂಸಾ ಅವರ ಬಗ್ಗೆ ಬರೆಯುತ್ತೇನೆ ಎಂದಾಗ ನನ್ನ ಹೆಂಡತಿ ಪ್ರಭಾ, "ಅವರ ಬಗ್ಗೆ ಬರೆಯೋಕೆ ಏನಿದೆ? ತಾವಾಯ್ತು ತಮ್ಮ ಪಾಡಾಯ್ತು ಅಂತ ಇದ್ದವರು" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ವೇದಿಕೆ ಹತ್ತಿ ಶಾಲು ಹೊದೆಸಿಕೊಂಡು ಫೋಟೋಗೆ ಹಲ್ಲು ಕಿರಿಯುವವರ ಬಗ್ಗೆ ಬರೆಯಲು ಈ ಬೇ ಏರಿಯಾದಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಅಂಥವರನ್ನು ಕಂಡರೆ ಮೈ ಉರಿಯುತ್ತದೆ.

ನನಗೂ ಹಂಸಾ ಅವರಿಗೂ ಇದ್ದ ಸಂಬಂಧ ಕಾರಿನದು. ಇಬ್ಬರ ಮನೆಯೂ ಪ್ಲೆಸೆಂಟನ್. ಇಬ್ಬರಿಗೂ ಕೆಲಸ ಸ್ಯಾನ್ ಹೊಸೆಯ ಉತ್ತರದ ಅಂಚಿನಲ್ಲಿರುವ ಒಂದು ಸಂಶೋಧನಾ ಸಂಸ್ಥೆಯಲ್ಲಿ. ಅದರ ಹೆಸರು ಇಲ್ಲಿ ಬೇಡ. ನಾನು ಅಲ್ಲಿನ ದೊಡ್ಡ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಅವರು ಆ ಕಂಪ್ಯೂಟರುಗಳಲ್ಲಿ ಓಡುವ ಹವಾಮಾನದ ಮಾಡೆಲ್‌ಗೆ ಕೋಡು ಬರೆಯುವವರು. ಇಬ್ಬರಿದ್ದರೆ ಬೇಗ ಸಾಗಬಹುದಾದ ಕಾರ್‌ಪೂಲ್ ಲೇನಿನ ಆಸೆಗೆ ಹದಿನೇಳು ವರ್ಷ ೬೮೦ ಫ್ರೀವೇಯಲ್ಲಿ ಜೊತೆಗೆ ಓಡಾಡಿದೆವು. ಅವರು ಮಾತು ಕಡಿಮೆ. ನಾನು ಹಾಗಲ್ಲ.

ಅವರ ಕೆಲಸ ಏನೆಂದು ಹೇಳಬೇಕಾದರೆ ಸ್ವಲ್ಪ ಮೇಲಕ್ಕೆ ಹೋಗಬೇಕು. ನಿಜವಾದ ಆಕಾಶಕ್ಕೆ ಮುಚ್ಚಳವಿಲ್ಲ. ಗಾಳಿ ಮೇಲೆ ಹೋದಂತೆಲ್ಲ ತೆಳುವಾಗುತ್ತ, ಎಲ್ಲಿ ಮುಗಿಯಿತೆಂದು ಹೇಳಲಾಗದಂತೆ ಮುಗಿಯುತ್ತದೆ. ಕಂಪ್ಯೂಟರಿಗೆ ಆ ಧಾರಾಳತನ ಸಾಧ್ಯವಿಲ್ಲ. ಗಾಳಿಯನ್ನು ಪದರ ಪದರವಾಗಿ ಕತ್ತರಿಸಿ, ಇಷ್ಟು ಸಾಕು ಎಂದು ಎಲ್ಲೋ ಒಂದು ಕಡೆ ನಿಲ್ಲಿಸಬೇಕು. ನಮ್ಮ ಮಾಡೆಲ್‌ನಲ್ಲಿ ಇಪ್ಪತ್ತಾರು ಪದರ. ನಲವತ್ತು ಕಿಲೋಮೀಟರಿಗೆ ಮುಚ್ಚಳ.

ತೊಂದರೆ ಇರುವುದೇ ಆ ಮುಚ್ಚಳದಲ್ಲಿ. ಬೆಟ್ಟಕ್ಕೆ ಬಡಿದ ಗಾಳಿಯಿಂದ, ದೊಡ್ಡ ಮೋಡಗಳಿಂದ ಅಲೆಗಳೆದ್ದು ಮೇಲಕ್ಕೆ ಹೋಗುತ್ತವೆ. ನಿಜವಾದ ಆಕಾಶದಲ್ಲಿ ಅವು ಮೇಲೆಲ್ಲೋ ಒಡೆದು ಕರಗುತ್ತವೆ. ಮಾಡೆಲ್‌ನಲ್ಲಿ ಮುಚ್ಚಳಕ್ಕೆ ಬಡಿದು ವಾಪಸ್ಸು ಬರುತ್ತವೆ. ಹೋಗುವ ಅಲೆಗೂ ಬರುವ ಅಲೆಗೂ ಜಟಾಪಟಿಯಾಗಿ ಗಾಳಿಯ ವೇಗ ತಲೆಬುಡವಿಲ್ಲದೆ ಏರುತ್ತದೆ, ಮಾಡೆಲ್ ಬೀಳುತ್ತದೆ, ಅಂದರೆ ಲೆಕ್ಕ ಅರ್ಧಕ್ಕೇ ಮುರಿಯುತ್ತದೆ. ಅದಕ್ಕೇ ಮೇಲಿನ ಮೂರು ನಾಲ್ಕು ಪದರಗಳಲ್ಲಿ ಗಾಳಿಯನ್ನು ಬೇಕೆಂದೇ ತಡೆದು ನಿಧಾನ ಮಾಡುತ್ತಾರೆ. ಬಂದ ಅಲೆಯನ್ನು ಹೀರಿಕೊಳ್ಳುವ ಈ ಪದರಗಳಿಗೆ ಸ್ಪಂಜು ಎಂದೇ ಹೆಸರು. ಎಷ್ಟು ದಿನದಲ್ಲಿ ವೇಗ ತಗ್ಗಬೇಕು ಎಂದು ಹೇಳುವ ಒಂದು ಸಂಖ್ಯೆ ಇರುತ್ತದೆ. ದಿನ ಕಡಿಮೆಯಾದಷ್ಟೂ ಸ್ಪಂಜು ಬಿಗಿ, ಹೆಚ್ಚಾದಷ್ಟೂ ಸಡಿಲ. ನಮ್ಮ ಮಾಡೆಲ್‌ನಲ್ಲಿ ಆ ಸಂಖ್ಯೆ ಮೂರು. ಅದನ್ನು ಹಾಕಿದವರು ಹಂಸಾ.

ಅವರು ಮೈಸೂರಿನವರು, ಗಣಿತದಲ್ಲಿ ಎಂ.ಎಸ್ಸಿ. ಗಂಡ ಶ್ರೀಕಂಠ ಅವರ ಜೊತೆ ಇಲ್ಲಿಗೆ ಬಂದು, ಕೆಲಸ ಮಾಡಲು ಪರವಾನಗಿ ಸಿಕ್ಕ ಮೇಲೆ ತೊಂಬತ್ತೆಂಟರಲ್ಲಿ ಈ ಸಂಸ್ಥೆಗೆ ಪ್ರೋಗ್ರಾಮರ್ ಆಗಿ ಸೇರಿದರು. ಪಿಎಚ್‌ಡಿ ಇಲ್ಲ. ಅದಿಲ್ಲದವರು ನಮ್ಮಲ್ಲಿ ವಿಜ್ಞಾನಿಗಳಲ್ಲ. ವಿಜ್ಞಾನಿಗಳು ಹೇಳಿದ್ದನ್ನು ಬರೆಯುವವರು. ಲೇಖನಗಳಲ್ಲಿ ಅವರ ಹೆಸರು ಬರುವುದಿಲ್ಲ. ಒಮ್ಮೆ ಮಾತ್ರ ಒಂದು ಲೇಖನದ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಬಂದಿತ್ತು, ಅದೂ 'ಹನ್ಸ್' ಎಂದು. ಜರ್ಮನಿಯ ಗಂಡಸು ಅಂದುಕೊಂಡಿರಬೇಕು.

ಅವರದೊಂದು ಅಭ್ಯಾಸವಿತ್ತು. ಕೋಡಿನಲ್ಲಿ ತಾತ್ಕಾಲಿಕವಾಗಿ ಏನಾದರೂ ಇಡಬೇಕಾದರೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಹೆಸರು ಕೊಡುತ್ತಿದ್ದರು: ಮೇಲೆ, ಕೆಳಗೆ, ಬೇಡ. ಬೇರೆಯವರು ಇಟ್ಟ ಹೆಸರಿಗೆ ಡಿಕ್ಕಿ ಹೊಡೆಯುವುದಿಲ್ಲ, ಆಮೇಲೆ ಹುಡುಕಿ ತೆಗೆಯುವುದೂ ಸುಲಭ. ತೊಂಬತ್ತೊಂಬತ್ತರ ಅಕ್ಟೋಬರಿನಲ್ಲಿ ಹೊಸ ಮಾಡೆಲ್ ಪದೇ ಪದೇ ಅದರೊಳಗಿನ ಲೆಕ್ಕದ ಏಳನೆಯ ತಿಂಗಳಿನಲ್ಲಿ ಬೀಳುತ್ತಿತ್ತು. ಹಂಸಾ ಸ್ಪಂಜಿನ ಸಂಖ್ಯೆಯನ್ನು ಬದಲಾಯಿಸಿ ನೋಡುತ್ತ, ಮೂರಕ್ಕೆ ಬೀಳದೆ ನಿಂತಿತೆಂದು ಅಲ್ಲಿಗೇ ಬಿಟ್ಟು, ಅದಕ್ಕೆ 'ಸದ್ಯಕ್ಕೆ' ಎಂದು ಹೆಸರಿಟ್ಟು ಮನೆಗೆ ಹೋದರು. ಮರುದಿನ ಬಂದು ನೋಡಿದರೆ ವಿಜ್ಞಾನಿಗಳು ಅದನ್ನೇ ಮಾಡೆಲ್‌ನ ಹತ್ತು ವರ್ಷಕ್ಕೆ ಓಡಲು ಬಿಟ್ಟಿದ್ದರು. ಓಡುವುದನ್ನು ನಿಲ್ಲಿಸಿ ಎನ್ನಲು ಹೊಸ ಪ್ರೋಗ್ರಾಮರಿಗೆ ಬಾಯಿ ಬರಲಿಲ್ಲ.

ಆಮೇಲೆ ನಡೆದದ್ದು ತಮಾಷೆ. ಮಾಡೆಲ್‌ಗೆ ಕೈಪಿಡಿ ಬರೆದವನು ಇಂಗ್ಲಿಷಿನ ಆ ಎಂಟು ಅಕ್ಷರ ನೋಡಿ, ಯಾರೋ ಮನುಷ್ಯನ ಹೆಸರೆಂದು ತಿಳಿದು 'ಸ್ಯಾಡ್‌ಯಾಕಿ ಗುಣಾಂಕ' ಎಂದು ಬರೆದ. ಎರಡು ವರ್ಷದಲ್ಲಿ ಅದು ಲೇಖನಗಳಿಗೆ ಹತ್ತಿತು. ಯಾವನೋ ಪುಣ್ಯಾತ್ಮ ಜೆ. ಎಂದು ಇನಿಷಿಯಲ್ಲು ಸೇರಿಸಿದ. 'ಜೆ. ಸ್ಯಾಡ್‌ಯಾಕಿ, ೧೯೯೯, ಖಾಸಗಿ ಸಂವಹನ.' ಎರಡು ಕೆ ಇರುವುದರಿಂದ ಫಿನ್ಲೆಂಡಿನವನು ಇರಬೇಕು ಎಂದು ಎಲ್ಲರೂ ಮಾತಾಡಿಕೊಂಡರು. ಯಾವುದೋ ಸಮ್ಮೇಳನದಲ್ಲಿ ಒಬ್ಬ, ನಾನು ಅವನನ್ನು ಭೇಟಿಯಾಗಿದ್ದೇನೆ, ತುಂಬ ಸಂಕೋಚದ ಮನುಷ್ಯ ಎಂದನಂತೆ!

ಹಂಸಾ ಇದನ್ನು ನನಗೆ ಹೇಳಿದ್ದು ಎರಡು ಸಾವಿರದ ಒಂಬತ್ತರಲ್ಲಿ, ಸುನೋಲ್ ಏರಿನ ಟ್ರಾಫಿಕ್ಕಿನಲ್ಲಿ. ನಾನು ಸ್ಟಿಯರಿಂಗ್ ಬಡಿದುಕೊಂಡು ನಕ್ಕೆ. ಅವರೂ ನಕ್ಕರು, ಆದರೆ ಬೇಗ ನಿಲ್ಲಿಸಿದರು.

"ಮೊದಮೊದಲು ನಮ್ಮನೇಲೂ ಹೀಗೇ ನಕ್ಕಿದ್ರು ಶೇಷಗಿರಿ ಅವ್ರೇ. ಈಗ ನಲವತ್ತು ಪೇಪರ್ ಆಗಿದೆ. ಹೇಳಿಬಿಡ್ಲಾ?"

"ಬಿಡಿ ಹಂಸಾ ಅವ್ರೇ. ನಡೀತಿದೆಯಲ್ಲ. ಸುಮ್ನೆ ಮೈಮೇಲೆ ಯಾಕೆ ಎಳ್ಕೋತೀರಿ?" ಎಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಇಪ್ಪತ್ತೆರಡರ ಸೆಪ್ಟೆಂಬರಿನಲ್ಲಿ ಸಿಂಧು ಬಂದಳು. ಮಂಡ್ಯದ ಕಡೆಯ ಹುಡುಗಿ, ಪಿಎಚ್‌ಡಿ ಮುಗಿಸಿ ಎರಡು ವರ್ಷದ ಅವಧಿಗೆ ಸೇರಿದವಳು. ನಮ್ಮ ಪಕ್ಕದ ಊರು ಡಬ್ಲಿನ್‌ನ ಹತ್ತಿರ ಅಪಾರ್ಟ್‌ಮೆಂಟು, ಕಾರಿಲ್ಲ. ನಮ್ಮ ಹಿಂದಿನ ಸೀಟು ಅವಳದಾಯಿತು. ಬಾಯಿ ಜೋರು, ಕೆಲಸವೂ ಜೋರು. ಮೊದಲ ವಾರ "ಮೇಡಂ" ಎಂದವಳು ಎರಡನೆಯ ವಾರಕ್ಕೆ "ಆಂಟಿ" ಎಂದಳು. ಹಂಸಾ ತಮ್ಮ ಚಿತ್ರಾನ್ನದ ಡಬ್ಬಿ ಹಿಂದಕ್ಕೆ ದಾಟಿಸಲು ಶುರು ಮಾಡಿದರು.

ಅವಳ ಕೆಲಸ ಉತ್ತರ ಧ್ರುವದ ಮೇಲಿನ ಗಾಳಿಯದು. ಚಳಿಗಾಲದಲ್ಲಿ ಅಲ್ಲಿ ಮೂವತ್ತು ಕಿಲೋಮೀಟರ್ ಎತ್ತರದಲ್ಲಿ ಗಾಳಿ ಜೋರಾಗಿ ಗಿರಕಿ ಹೊಡೆಯುತ್ತಿರುತ್ತದೆ. ಕೆಲವು ವರ್ಷ ಕೆಳಗಿನಿಂದ ಬಂದ ದೊಡ್ಡ ಅಲೆಗಳು ಆ ಗಿರಕಿಯನ್ನು ಒಡೆಯುತ್ತವೆ. ವಾರದೊಳಗೆ ಅಲ್ಲಿನ ಗಾಳಿ ನಲವತ್ತು ಐವತ್ತು ಡಿಗ್ರಿ ಬಿಸಿಯಾಗುತ್ತದೆ. ಅದಾದ ಎರಡು ಮೂರು ವಾರಕ್ಕೆ ಕೆಳಗೆ ಊರುಗಳ ಮೇಲೆ ಕಡುಚಳಿ ಇಳಿಯುತ್ತದೆ. ನಿಜವಾಗಿ ಹತ್ತು ಚಳಿಗಾಲದಲ್ಲಿ ಆರರಷ್ಟು ಬಾರಿ ಹೀಗಾಗುತ್ತದೆ. ನಮ್ಮ ಮಾಡೆಲ್‌ನಲ್ಲಿ ಎರಡೇ ಬಾರಿ. ಮುಚ್ಚಳ ತೀರ ಕೆಳಗಿದೆ, ಸ್ಪಂಜು ತೀರ ಬಿಗಿಯಾಗಿದೆ, ಅಲೆಗಳನ್ನೆಲ್ಲ ಅದೇ ನುಂಗುತ್ತಿದೆ ಎಂಬುದು ಸಿಂಧುವಿನ ವಾದ. ಮುಚ್ಚಳವನ್ನು ಎಂಬತ್ತು ಕಿಲೋಮೀಟರಿಗೆ ಏರಿಸಬೇಕು ಎಂದಳು.

ಗುಂಪಿನ ಮುಖ್ಯಸ್ಥ ಡೇಲ್ ಒಳ್ಳೆಯವನೇ, ಆದರೆ ಹಳೆಯದನ್ನು ಮುಟ್ಟಲು ಬಿಡದವನು. ನಲವತ್ತು ಕಿಲೋಮೀಟರ್, ಮೂರು ದಿನ, ಇವೆಲ್ಲ ಸ್ಯಾಡ್‌ಯಾಕಿಯ ಅಧ್ಯಯನದಲ್ಲಿ ತೀರ್ಮಾನವಾದದ್ದು ಎಂದ. ಮೊದಲು ಆ ಅಧ್ಯಯನ ಹುಡುಕು, ಅದರಲ್ಲಿ ಏನು ತಪ್ಪಿದೆ ತೋರಿಸು, ಆಮೇಲೆ ಮುಚ್ಚಳದ ಮಾತು. ಇಪ್ಪತ್ತನಾಲ್ಕರ ಮೇ ತಿಂಗಳ ಮೀಟಿಂಗಿನಲ್ಲಿ ನಿರ್ಧಾರವಾಗಬೇಕಿತ್ತು. ಆಗದಿದ್ದರೆ ಆಗಸ್ಟಿಗೆ ಸಿಂಧುವಿನ ಕೆಲಸ ಮುಗಿಯುತ್ತದೆ, ಅದರ ಜೊತೆ ವೀಸಾ ಕೂಡ.

ಮಂಡ್ಯದ ಹುಡುಗಿಗೆ ಆ ಪದ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಾಗಲಿಲ್ಲ. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಸ್ಯಾಡ್‌ಯಾಕಿ, ಅವಳ ಬಾಯಲ್ಲೂ ಅದೇ. ಎರಡು ತಿಂಗಳು ಲೈಬ್ರರಿ ಜಾಲಾಡಿದಳು. ಫಿನ್ಲೆಂಡಿನ ಮೂರು ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದಳು. ಒಂದು ಕಡೆಯಿಂದ ಬಹಳ ಮರ್ಯಾದೆಯ ಉತ್ತರ ಬಂತು: ಇದು ನಮ್ಮ ದೇಶದ ಹೆಸರಿನಂತೆ ಕಾಣುವುದಿಲ್ಲ, ದಯವಿಟ್ಟು ಹಂಗೆರಿಯಲ್ಲಿ ವಿಚಾರಿಸಿ. ಅದನ್ನು ಕಾರಿನಲ್ಲಿ ಓದಿ ಹೇಳುವಾಗ ಅವಳ ದನಿ ಅಳುವ ಹಾಗಿತ್ತು. ಹಂಸಾ ಮುಂದಿನ ಸೀಟಿನಲ್ಲಿ ಕೂತು ಕಿಟಕಿಯ ಆಚೆ ಬೆಟ್ಟ ನೋಡುತ್ತಿದ್ದರು. ನಾನು ರಸ್ತೆ ನೋಡುತ್ತಿದ್ದೆ.

ಮೀಟಿಂಗಿಗೆ ಎರಡು ದಿನ ಮುಂಚೆ, ಸಂಜೆ ಮನೆಗೆ ಹೋಗುವಾಗ, ಸಿಂಧುವಿನ ಫೋನಿಗೆ ಅವಳ ತಾಯಿ ನಂಜಮ್ಮನ ಕರೆ ಬಂತು. ಆಕೆಗೆ ಬೆಳಗಿನ ಹೊತ್ತು. ಸ್ಪೀಕರಿನಲ್ಲಿ ಕಾರು ತುಂಬ ದನಿ.

"ಎಂಗಾಯ್ತವ್ವಾ ಕೆಲ್ಸ? ಮುಂದುಕ್ ಆಕವ್ರಾ?"

"ಗೊತ್ತಿಲ್ಲ ಕಣವ್ವ. ಆಗಲ್ವೇನೋ."

"ಓಗ್ಲಿ ಬುಡು, ತಲೆ ಕೆಡಿಸ್ಕಬ್ಯಾಡ. ಸದ್ಯಕ್ಕೆ ಎಲ್ಲಾರ ಒಂದ್ ಕಡೆ ಸೇರ್ಕ. ಸದ್ಯಕ್ಕೆ ಕನವ್ವ, ಆಮ್ಯಾಕ್ ನೋಡಾನ."

ಫೋನು ಇಟ್ಟ ಮೇಲೆ ಕನ್ನಡಿಯಲ್ಲಿ ನೋಡಿದೆ. ಹುಡುಗಿ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ಎರಡು ಸಲ, ಮೂರು ಸಲ. ಆಮೇಲೆ ಮುಂದಕ್ಕೆ ಬಾಗಿದಳು.

"ಆಂಟಿ, ಆ ಸ್ಪಂಜಿನ ಫೈಲನ್ನ ಮೊದಲು ಬರೆದಿದ್ದು ನೀವಲ್ವಾ?"

"ಹೂಂ."

"ಅದು... ಸದ್ಯಕ್ಕೆ ಅಂತಾನಾ ಆಂಟಿ?"

"ಹೂಂ ಕಣೇ," ಎಂದರು ಹಂಸಾ, ತಿರುಗಿ ನೋಡದೆ.

ಹುಡುಗಿ ಕೂಗಾಡಿದ್ದರೆ ಚೆನ್ನಾಗಿತ್ತು. ಎರಡು ತಿಂಗಳು ಅವಳು ಒದ್ದಾಡುವುದನ್ನು ನೋಡುತ್ತ ನಾವಿಬ್ಬರು ದೊಡ್ಡವರು ಮುಂದಿನ ಸೀಟಿನಲ್ಲಿ ಕಲ್ಲಿನ ಹಾಗೆ ಕೂತಿದ್ದೆವು. ಇಳಿಯುವಾಗ ಮಾತ್ರ, "ನಾನು ಯಾರಿಗೂ ಹೇಳಲ್ಲ ಆಂಟಿ. ನಿಮ್ದು, ನಿಮ್ಮಿಷ್ಟ" ಎಂದಳು. ಕಾರಿನ ಬಾಗಿಲನ್ನು ಮೆತ್ತಗೆ ಹಾಕಿಕೊಂಡು ಹೋದಳು.

ಹಂಸಾ ಅವರ ಮನೆಯ ಮುಂದೆ ಕಾರು ನಿಲ್ಲಿಸಿದೆ. ಅವರು ಇಳಿಯಲಿಲ್ಲ. ತಿಂಗಳ ಕೊನೆಗೆ ಅವರ ನಿವೃತ್ತಿ, ಕೇಕಿಗೂ ಹೇಳಿಯಾಗಿತ್ತು.

"ಮೂರು ವಾರ. ಸುಮ್ನೆ ಇದ್ದುಬಿಡಿ," ಎಂದೆ. ಯಾಕೆ ಹಾಗೆಂದೆನೋ. ಅಭ್ಯಾಸಬಲ.

ಅವರಿಗೆ ರೇಗಿತು. ಹದಿನೇಳು ವರ್ಷದಲ್ಲಿ ಅವರ ದನಿ ಏರಿದ್ದು ಅದೇ ಮೊದಲು. "ಆವತ್ತೂ ಇದೇ ಅಂದ್ರಿ ನೀವು! ಆ ಮಗು ಮುಖ ನೋಡಿದ್ರಾ? ಅದರ ಅನ್ನ ಕಿತ್ಕೊಂಡು ನಾನು ಕೇಕ್ ತಿನ್ಲಾ?"

"ಹಾಗಾದ್ರೆ ಹೇಳಿಬಿಡಿ."

"ಹೇಳ್ಬಹುದು. ಮೂರೇ ಯಾಕೆ ಅಂತ ಕೇಳ್ತಾರಲ್ಲ? ಅದಕ್ಕೆ ಉತ್ತರ ಇದೆ ನನ್ನ ಹತ್ರ. ಬಾಯಿ ಬಿಟ್ಟು ಹೇಳೋಕೆ ನಾಚಿಕೆ." ಆ ಉತ್ತರ ಏನೆಂದು ನನಗೂ ಹೇಳದೆ ಇಳಿದುಹೋದರು.

ಮೀಟಿಂಗಿಗೆ ನಾನೂ ಹೋಗಿದ್ದೆ. ಮುಚ್ಚಳ ಏರಿಸಿದರೆ ಪದರಗಳು ಹೆಚ್ಚಿ ನನ್ನ ಯಂತ್ರಗಳ ಹೊತ್ತು ದುಪ್ಪಟ್ಟು ಬೇಕು, ಅದಕ್ಕೆ ಕರೆದಿದ್ದರು. ಹದಿನಾಲ್ಕು ಜನ ಇದ್ದರು. ಸಿಂಧು ತನ್ನ ಚಿತ್ರಗಳನ್ನೆಲ್ಲ ತೋರಿಸಿ ಮುಗಿಸಿದಳು. ಡೇಲ್ ಎಂದಿನಂತೆ ಕೇಳಿದ: ಸ್ಯಾಡ್‌ಯಾಕಿ ಸಿಕ್ಕನೇ? ಸಿಂಧು, ಇಲ್ಲ ಎಂದಳು. ಹಂಸಾ ಅವರ ಕಡೆ ನೋಡಲೂ ಇಲ್ಲ.

ಗೋಡೆಯ ಪಕ್ಕದ ಕುರ್ಚಿಯಲ್ಲಿ, ಪ್ರೋಗ್ರಾಮರುಗಳು ಕೂರುವ ಸಾಲಿನಲ್ಲಿ, ಹಂಸಾ ಎದ್ದು ನಿಂತರು. ಅಲ್ಲಿ ಯಾರೂ ಎದ್ದು ನಿಂತು ಮಾತಾಡುವುದಿಲ್ಲ. ಇವರು ಮೈಸೂರಿನಲ್ಲಿ ತರಗತಿಯಲ್ಲಿ ನಿಲ್ಲುವ ಹಾಗೆ ನಿಂತರು.

"ಆ ಹೆಸರಿನ ಮನುಷ್ಯ ಇಲ್ಲ," ಎಂದರು ಇಂಗ್ಲಿಷಿನಲ್ಲಿ. "ಅದು ನನ್ನ ಭಾಷೆಯ ಮಾತು. ಈಗಿನ ಮಟ್ಟಿಗೆ ಎಂದು ಅರ್ಥ. ಅಧ್ಯಯನ ಯಾವುದೂ ಇಲ್ಲ. ತೊಂಬತ್ತೊಂಬತ್ತರಲ್ಲಿ ಆ ಸಂಖ್ಯೆ ಹಾಕಿದವಳು ನಾನು."

ಒಬ್ಬ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಡೇಲ್ ನಗಲಿಲ್ಲ. ಅವನ ಮುಖ ಕೆಂಪಾಗಿತ್ತು. ಪಾಪ, ಅವನದೇ ಹನ್ನೊಂದು ಲೇಖನಗಳಲ್ಲಿ ಆ ಫಿನ್ಲೆಂಡಿನವನಿದ್ದ. ಡೇಲ್, "ಮೂರೇ ಯಾಕೆ?" ಎಂದು ಕೇಳಿದ.

"ಹತ್ತು ಹಾಕಿದೆ, ಬಿತ್ತು. ಐದು ಹಾಕಿದೆ, ಬಿತ್ತು. ಮೂರು ಹಾಕಿದೆ, ಏಳನೆಯ ತಿಂಗಳು ದಾಟಿತು. ನಾಲ್ಕು ಹಾಕಿ ನೋಡಬೇಕಿತ್ತು. ಆರನೆಯ ತಿಂಗಳಿನಿಂದಲೇ ಓಡಿಸಿದರೂ ಒಂದೊಂದು ಸಲ ನೋಡಲು ಒಂದೂವರೆ ಗಂಟೆ ಬೇಕಿತ್ತು. ಆಗ ಐದೂ ಮುಕ್ಕಾಲು. ಡೇಕೇರಿನವರು ಆರಕ್ಕೆ ಬಾಗಿಲು ಹಾಕುತ್ತಿದ್ದರು. ನನ್ನ ಮಗಳಿಗೆ ಎರಡು ವರ್ಷ." ಅಷ್ಟು ಹೇಳಿ ಕೂತರು. ಎರಡೂ ಕೈಗಳನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದರು.

ಬೈಗುಳ ಬರಲಿಲ್ಲ. ಡೇಲ್ ಕನ್ನಡಕ ತೆಗೆದು ಒರೆಸಿಕೊಂಡು, "ಹಾಗಾದರೆ ನಾಲ್ಕು ಹಾಕಿ ನೋಡೋಣ" ಎಂದ. ಹಳೆಯ ಮಾಡೆಲ್, ಹತ್ತು ವರ್ಷ. ಬೀಳದೆ ನಿಂತರೆ ಸಂಖ್ಯೆ ಬದಲಾಯಿಸಿದರೆ ಸಾಕು. ಬಿದ್ದರೆ ತಪ್ಪು ಸಂಖ್ಯೆಯದಲ್ಲ, ಮುಚ್ಚಳದ್ದೇ ಎಂದಾಗುತ್ತದೆ, ಆಗ ಏರಿಸಲೇಬೇಕು. ಆ ಸಾಲನ್ನು ಹಂಸಾ ಅವರೇ ಬದಲಾಯಿಸಿದರು. ನಾನು ಯಂತ್ರ ಕೊಟ್ಟೆ.

ಈಗಿನ ಯಂತ್ರಕ್ಕೆ ಅದು ಎರಡು ದಿನದ ಕೆಲಸ. ಮೊದಲ ದಿನ ಸಂಜೆಗೆ ನಾಲ್ಕು ವರ್ಷ ಮುಗಿಯಿತು, ಮಾಡೆಲ್ ಬೀಳದೆ ನೆಟ್ಟಗೆ ನಿಂತಿತ್ತು. ಕಾರಿನಲ್ಲಿ ಹಂಸಾ ಅವರ ಮುಖ ಇಳಿದುಹೋಗಿತ್ತು. ಸಿಂಧು ಏನೇನೋ ಮಾತಾಡಿ ನಗಿಸಲು ನೋಡಿದಳು. ಅವಳು ಇಳಿದ ಮೇಲೆ ಹಂಸಾ, "ಇನ್ನೊಂದೂವರೆ ಗಂಟೆ ಕೂತಿದ್ದಿದ್ರೆ ಸಾಕಾಗಿತ್ತು ಶೇಷಗಿರಿ ಅವ್ರೇ" ಎಂದರು. "ಇಪ್ಪತ್ತೈದು ವರ್ಷ ಇಷ್ಟು ಜನ ತಪ್ಪು ಲೆಕ್ಕ ಮಾಡಿದ್ರಲ್ಲ. ನಾನು ಎದ್ದು ಹೋದೆ ಅಂತ."

"ಎರಡು ವರ್ಷದ ಮಗು ಕಣ್ರೀ!" ಎಂದೆ ನಾನು. ನನಗೇ ಕೋಪ ಬಂದಿತ್ತು, ಯಾರ ಮೇಲೆ ಎಂದು ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಮಾಡೆಲ್ ಆರನೆಯ ವರ್ಷ ದಾಟಿತ್ತು. ಮಧ್ಯಾಹ್ನಕ್ಕೆ ಎಂಟನೆಯದು ನಡೆಯುತ್ತಿತ್ತು. ನಾನು ಬೇರೆ ಕೆಲಸ ಬಿಟ್ಟು ಆ ಒಂದು ಸಾಲನ್ನೇ ನೋಡುತ್ತ ಕೂತಿದ್ದೆ. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ, ಒಂಬತ್ತನೆಯ ವರ್ಷದ ಜನವರಿಯಲ್ಲಿ, ಮೇಲಿನ ಪದರದ ಗಾಳಿ ಕುದುರೆ ಬಿಟ್ಟ ಹಾಗೆ ಓಡಿ, ಎಲ್ಲ ಸಂಖ್ಯೆಗಳೂ ಮಾಯವಾದವು. ಬಿತ್ತು. ನಾನು ಮೆಟ್ಟಿಲು ಹತ್ತಿ ಮೇಲಕ್ಕೆ ಹೋಗುವ ಹೊತ್ತಿಗೆ ಹಂಸಾ ಅವರಿಗೆ ಗೊತ್ತಾಗಿತ್ತು. ಸಿಂಧು ಅವರ ಕುರ್ಚಿಯ ಹಿಂದೆ ನಿಂತು ಎರಡೂ ಭುಜ ಹಿಡಿದುಕೊಂಡಿದ್ದಳು. ಪರದೆಯ ಮೇಲೆ ಕೆಂಪು ಅಕ್ಷರದ ಸಾಲುಗಳಿದ್ದವು.

ಡೇಲ್ ಸಂಜೆಯೊಳಗೆ ಬರೆದು ಕಳಿಸಿದ: ಆ ಮುಚ್ಚಳಕ್ಕೆ ಮೂರಕ್ಕಿಂತ ಸಡಿಲವಾದ ಸ್ಪಂಜು ಸಾಧ್ಯವಿಲ್ಲ, ಎಂಬತ್ತು ಕಿಲೋಮೀಟರಿಗೆ ಏರಿಸುವುದು, ಕೆಲಸ ಸಿಂಧುವಿನದು, ಇನ್ನೆರಡು ವರ್ಷ. ಅವಳು ಆಫೀಸಿನಲ್ಲೇ ಉಳಿದು ಊರಿನಲ್ಲಿ ಬೆಳಗಾಗುವುದನ್ನು ಕಾದಳು, ತಾಯಿಗೆ ಹೇಳಬೇಕೆಂದು. ಕಾರಿನಲ್ಲಿ ನಾವಿಬ್ಬರೇ. ನಾನು ಲೆಕ್ಕ ಹಾಕಿ ಹೇಳಿದೆ: ಆವತ್ತು ಕೂತು ನಾಲ್ಕು ಹಾಕಿದ್ದರೆ ಏಳನೆಯ ತಿಂಗಳು ದಾಟಿಬಿಡುತ್ತಿತ್ತು, ನೀವು ಅದನ್ನೇ ನಂಬಿ ಬಿಡುತ್ತಿದ್ದಿರಿ, ಒಂಬತ್ತನೆಯ ವರ್ಷಕ್ಕೆ ಎಲ್ಲರ ಲೆಕ್ಕವೂ ಮಣ್ಣು ಪಾಲಾಗುತ್ತಿತ್ತು. ಅವರು ಕೇಳಿಸಿಕೊಂಡರೋ ಇಲ್ಲವೋ, ಫೋನು ತೆಗೆದರು. ಮಗಳು ಸಂಯುಕ್ತಾಗೆ ಈಗ ಇಪ್ಪತ್ತೇಳು, ಲಾಸ್ ಗ್ಯಾಟೋಸ್‌ನಲ್ಲಿ ಕೆಲಸ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಸಂಯು, ನಾಲ್ಕೂ ಬಿತ್ತು ಕಣೇ!"

"ಈಸ್ ದಟ್ ಗುಡ್, ಅಮ್ಮ?"

"ಒಳ್ಳೇದು ಕಣೇ, ತುಂಬಾ ಒಳ್ಳೇದು. ಆವತ್ತು ಎದ್ದು ಬಂದು ನಿನ್ನನ್ನ ಕರ್ಕೊಂಡ್ ಹೋಗಿದ್ದು ಸರಿಯಾಗೇ ಇತ್ತು," ಎಂದರು ಹಂಸಾ. ಆ ಕಡೆಯಿಂದ ಸಂಯುಕ್ತಾ, ಯಾವತ್ತು, ಯಾವತ್ತು ಎಂದು ಕೇಳುತ್ತಲೇ ಇದ್ದಳು.